ಕಾದಂಬರಿ ಅದೇ, ದನಿ ಬೇರೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಆಡಿಯೋಬುಕ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಆಪ್ ಬಗ್ಗೆ, ಬೆಲೆ ಬಗ್ಗೆ ಕೇಳಿದವರು ಕಡಿಮೆ. ಜಾಸ್ತಿ ಜನ ಕೇಳಿದ್ದು ಓದುವವರ ದನಿ ಬಗ್ಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಕಾಲೇಜಿನಲ್ಲಿದ್ದಾಗ ಓದಿ ತುಂಬಾ ಇಷ್ಟಪಟ್ಟಿದ್ದ ಕಾದಂಬರಿಯೊಂದನ್ನು ಈಗ ಬಸ್ಸಿನಲ್ಲಿ ಓಡಾಡುವಾಗ ಕೇಳಿದೆ. ನಾಯಕಿ ಇಡೀ ಹೊತ್ತು ಗೊಣಗುವವಳ ಥರ ಕಾಣಿಸಿದಳು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಹಾಗೇನೂ ಇಲ್ಲ! ನನ್ನ ಅಭಿರುಚಿ ಬದಲಾಯಿತಾ, ಇಲ್ಲಾ ಓದಿದವರ ತಪ್ಪಾ?
*(ಹಾಸನದ ಓದುಗರು)*

ಪುಸ್ತಕ ತೆಗೆದು ನೋಡಿದ್ದು ಒಳ್ಳೆಯದಾಯಿತು. ಉತ್ತರ ಅಲ್ಲೇ ಇದೆ. ನಿಮ್ಮ ಅಭಿರುಚಿ ಬದಲಾಗಿಲ್ಲ, ಆ ನಾಯಕಿಯ ಬಗ್ಗೆ ಓದಿದವರು ಒಂದು ತೀರ್ಮಾನಕ್ಕೆ ಬಂದಿದ್ದಾರೆ, ಅದು ನಿಮಗೆ ಒಪ್ಪಿಗೆಯಾಗಿಲ್ಲ.

ಒಂದು ಸಣ್ಣ ಸನ್ನಿವೇಶ ತೆಗೆದುಕೊಳ್ಳಿ. ರಾತ್ರಿ ಹನ್ನೊಂದು ಗಂಟೆಗೆ ಮಗ ಮನೆಗೆ ಬರುತ್ತಾನೆ. ತಾಯಿ ಬಾಗಿಲು ತೆಗೆದು 'ಬಂದ್ಯಾ' ಅನ್ನುತ್ತಾಳೆ. ಅಚ್ಚಿನಲ್ಲಿ ಇರುವುದು ಇಷ್ಟೇ. ಅದನ್ನು ಉಸಿರು ಬಿಟ್ಟು ಮೆಲ್ಲಗೆ ಹೇಳಿದರೆ 'ಸದ್ಯ ಬಂದನಲ್ಲ' ಅನ್ನುವ ನೆಮ್ಮದಿ. ಕೊನೆಯಲ್ಲಿ ಎಳೆದರೆ ಚುಚ್ಚುಮಾತು. ಕತ್ತರಿಸಿದ ಹಾಗೆ ಹೇಳಿದರೆ ಸಿಟ್ಟು. ಏರಿಳಿತವೇ ಇಲ್ಲದೆ ಹೇಳಿದರೆ ಆಕೆಗೆ ಇದು ದಿನವೂ ಇದ್ದದ್ದೇ, ಬೇಜಾರು ಮಾಡಿಕೊಳ್ಳುವುದನ್ನೂ ಬಿಟ್ಟಿದ್ದಾಳೆ ಅಂತ ಅರ್ಥ. ಕಣ್ಣಲ್ಲಿ ಓದುವಾಗ ಈ ನಾಲ್ಕರಲ್ಲಿ ಒಂದನ್ನು ನೀವೇ ಆರಿಸಿಕೊಳ್ಳುತ್ತೀರಿ. ಎಷ್ಟೋ ಸಲ ಆರಿಸುವುದೂ ಇಲ್ಲ, ನಾಲ್ಕೂ ಮನಸ್ಸಿನಲ್ಲಿ ಹಾಗೇ ಇರುತ್ತವೆ, ಹತ್ತು ಪುಟ ಆದಮೇಲೆ ತಾಯಿಯ ಸ್ವಭಾವ ತಿಳಿದಾಗ ಹಿಂದಿನ ಮಾತು ತಾನಾಗೇ ಸರಿಹೋಗುತ್ತದೆ. ಕೇಳುವಾಗ ಆ ಅವಕಾಶ ಇಲ್ಲ. ದನಿ ಕೊಡುವವರು ಒಂದನ್ನು ಆರಿಸಲೇಬೇಕು. ಆರಿಸದೆ ಬಾಯಿಂದ ಮಾತು ಹೊರಡುವುದೇ ಇಲ್ಲ.

ಹತ್ತು ಗಂಟೆಯ ಕಾದಂಬರಿಯಲ್ಲಿ ಇಂಥ ಆಯ್ಕೆಗಳು ಸಾವಿರಾರು. ಮಾತಿನಲ್ಲಿ ಮಾತ್ರ ಅಲ್ಲ. ವರ್ಣನೆಯನ್ನು ಎಷ್ಟು ಬೇಗ ಓದಿ ಮುಗಿಸುತ್ತಾರೆ, ಅಧ್ಯಾಯದ ಕೊನೆಯ ಸಾಲು ಆದಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ, ಯಾರ ಹೆಸರು ಬಂದಾಗ ದನಿ ಮೆತ್ತಗಾಗುತ್ತದೆ, ಎಲ್ಲವೂ ನಿಮ್ಮನ್ನು ಒಂದು ಕಡೆಗೆ ತಳ್ಳುತ್ತಿರುತ್ತದೆ. ನಿಮಗೆ ಸಿಕ್ಕವರು ಆ ನಾಯಕಿಯ ದೂರನ್ನೆಲ್ಲ ಗೊಣಗಾಟ ಅಂತ ತಿಳಿದು ಓದಿರಬೇಕು. ಬೇರೆಯವರು ಓದಿದ್ದರೆ ಅದೇ ಮಾತು ನ್ಯಾಯವಾದ ಸಿಟ್ಟಾಗಿ ಕೇಳುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಣ್ಣಲ್ಲಿ ಓದಲು ಹೋಗಿ ಮೂವತ್ತನೇ ಪುಟಕ್ಕೆ ಬಿಟ್ಟ ಪುಸ್ತಕಗಳು ಎಲ್ಲರ ಮನೆಯಲ್ಲೂ ಇರುತ್ತವೆ ಅಲ್ವಾ? ಉದ್ದುದ್ದ ವಾಕ್ಯ, ಹಳೇ ಶೈಲಿ, ಪರಿಚಯ ಇಲ್ಲದ ಸೀಮೆಯ ಮಾತು. ಅಂಥ ಪುಸ್ತಕವನ್ನು ಅರ್ಥ ಮಾಡಿಕೊಂಡವರೊಬ್ಬರು ಗಟ್ಟಿಯಾಗಿ ಓದಿದಾಗ ಅದು ಸಲೀಸಾಗಿ ಒಳಗೆ ಇಳಿಯುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದಕ್ಕೆ ತೂಕ ಅನ್ನುವುದನ್ನು ಅವರು ಬಿಡಿಸಿ ಕೊಟ್ಟಿರುತ್ತಾರೆ. ನನ್ನ ಮಟ್ಟಿಗೆ ಆಡಿಯೋಬುಕ್‌ನಿಂದ ಆಗುವ ದೊಡ್ಡ ಉಪಕಾರ ಇದು.

ಇನ್ನುಮುಂದೆ ಲೇಖಕರ ಹೆಸರಿನ ಜೊತೆ ದನಿ ಕೊಟ್ಟವರ ಹೆಸರನ್ನೂ ನೋಡಿ. ಹೆಚ್ಚಿನ ಆಪ್‌ಗಳಲ್ಲಿ ಸ್ಯಾಂಪಲ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇಬ್ಬರ ನಡುವಿನ ಮಾತುಕತೆ ಬರುವ ತನಕ ಕೇಳಿ. ವರ್ಣನೆಯನ್ನು ಚೆನ್ನಾಗಿ ಓದುವವರು ತುಂಬಾ ಜನ ಇದ್ದಾರೆ. ಮಾತುಕತೆ ಬಂದಾಗಲೇ ತಿಳಿಯುವುದು.

ಒಬ್ಬರೇ ಓದುವಾಗ ಪ್ರತಿ ಪಾತ್ರಕ್ಕೂ ಬೇರೆ ಬೇರೆ ದನಿ ಮಾಡಬೇಕಾ? ನಮ್ಮ ಮನೆಯವರಿಗೆ ಅದು ಇಷ್ಟ. ನನಗೋ, ಗಂಡಸರು ದನಿ ಸಣ್ಣ ಮಾಡಿ ಹೆಂಗಸರ ಮಾತು ಆಡಿದ ಕೂಡಲೇ ಕಥೆಯಿಂದ ಎದ್ದು ಹೊರಗೆ ಬಂದ ಹಾಗಾಗುತ್ತದೆ.
*(ಉಡುಪಿಯ ಓದುಗರು)*

ಇಬ್ಬರದ್ದೂ ಸರಿ. ಆದರೂ ನಾನು ನಿಮ್ಮ ಪಕ್ಷ.

ದನಿ ಬದಲಿಸಿ ಓದುವುದರಲ್ಲಿ ಹೆಸರು ಮಾಡಿದವರು ಜಿಮ್ ಡೇಲ್. ಹ್ಯಾರಿ ಪಾಟರ್ ಸರಣಿಯನ್ನು ಅಮೆರಿಕಕ್ಕೆ ಓದಿದವರು. ಐದನೇ ಪುಸ್ತಕ ಒಂದರಲ್ಲೇ 134 ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಗಿನ್ನೆಸ್ ದಾಖಲೆಗೆ ಸೇರಿದರು. ಅದೇ ಸರಣಿಯನ್ನು ಬ್ರಿಟನ್‌ಗೆ ಓದಿದವರು ಸ್ಟೀಫನ್ ಫ್ರೈ. ಅವರೂ ದನಿ ಬದಲಿಸುತ್ತಾರೆ, ಆದರೆ ಕಥೆ ಹೇಳುವ ಹಿರಿಯರೊಬ್ಬರ ಗತ್ತು ಅವರಲ್ಲಿ ಜಾಸ್ತಿ. ಕಥೆ ಒಂದೇ ಆದರೂ ಒಬ್ಬರದ್ದನ್ನು ಕೇಳಿ ಬೆಳೆದವರಿಗೆ ಇನ್ನೊಬ್ಬರದ್ದು ಒಗ್ಗುವುದೇ ಇಲ್ಲ. ಯಾರು ವಾಸಿ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಮಕ್ಕಳ ಕಥೆಯಲ್ಲಿ, ಮಾಯಾಲೋಕದ ಕಥೆಯಲ್ಲಿ ದನಿಯ ಈ ವೇಷಗಳು ಚೆನ್ನಾಗಿಯೇ ಒಪ್ಪುತ್ತವೆ.

ಕನ್ನಡಕ್ಕೆ ಬಂದರೆ ಒಂದು ಅನುಕೂಲ ಇದೆ, ಅದನ್ನು ದನಿ ಕೊಡುವವರು ಮರೆಯುತ್ತಾರೆ. ನಮ್ಮ ಕ್ರಿಯಾಪದವೇ ಮಾತಾಡಿದ್ದು ಯಾರು ಅಂತ ಹೇಳಿಬಿಡುತ್ತದೆ. ಅಂದನು, ಅಂದಳು, ಅಂದರು. ಗಂಡೋ ಹೆಣ್ಣೋ, ಚಿಕ್ಕವರೋ ದೊಡ್ಡವರೋ ಎಲ್ಲ ಅಲ್ಲೇ ಇದೆ. ಮಾತಿನೊಳಗೂ ನೀನು, ನೀವು, ಕಣೋ, ಕಣೇ, ರೀ ಅಂತ ಗುರುತು ಸಿಗುತ್ತಲೇ ಇರುತ್ತದೆ. ಇಷ್ಟೆಲ್ಲ ಇರುವಾಗ ದನಿಯನ್ನು ಹಿಂಡಿ ಸಣ್ಣ ಮಾಡುವ ಅಗತ್ಯ ಏನು? ಪಾತ್ರದ ಮಾತಿನ ವೇಗ ಹಿಡಿದರೆ ಸಾಕು. ಅಜ್ಜಿ ಯೋಚಿಸಿ ನಿಧಾನವಾಗಿ ಮಾತಾಡುತ್ತಾಳೆ, ಮೊಮ್ಮಗಳು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಅಷ್ಟು ಮಾಡಿದರೆ ಕೇಳುವವರಿಗೆ ಇಬ್ಬರೂ ಬೇರೆ ಬೇರೆಯಾಗಿ ಕಾಣುತ್ತಾರೆ.

ನೀವು ಉಡುಪಿಯವರು, ಯಕ್ಷಗಾನದ ತಾಳಮದ್ದಳೆ ಕೇಳಿರುತ್ತೀರಿ. ಅಲ್ಲಿ ಬಣ್ಣ ಇಲ್ಲ, ವೇಷ ಇಲ್ಲ, ಕುಣಿತ ಇಲ್ಲ. ಪಾತ್ರದ ಮಾತು ಆಡುವ ಅರ್ಥಧಾರಿ ಕೂತಲ್ಲೇ ಕೂತು ದ್ರೌಪದಿಯಾಗುತ್ತಾರೆ, ತಮ್ಮದೇ ದನಿಯಲ್ಲಿ. ದ್ರೌಪದಿ ಏನು ಯೋಚಿಸುತ್ತಾಳೆ, ಯಾವ ಮಾತಿಗೆ ಕೆರಳುತ್ತಾಳೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಕಾದಂಬರಿ ಓದುವವರಿಗೆ ನಮ್ಮ ಕರಾವಳಿಯಲ್ಲೇ ಇಷ್ಟು ಒಳ್ಳೆಯ ಪಾಠಶಾಲೆ ಇದೆ.

ಹಲವರು ಸೇರಿ ಓದುವ ಆಡಿಯೋಬುಕ್‌ಗಳೂ ಇವೆ. ಜಾರ್ಜ್ ಸಾಂಡರ್ಸ್ ಅವರ 'ಲಿಂಕನ್ ಇನ್ ದ ಬಾರ್ಡೊ' ಕಾದಂಬರಿಯ 2017ರ ಆಡಿಯೋಬುಕ್‌ನಲ್ಲಿ 166 ಜನ ಓದಿದ್ದಾರೆ. ಆ ಕಾದಂಬರಿಯೇ ಸತ್ತವರ ಬಾಯಲ್ಲಿ ತುಂಡು ತುಂಡಾಗಿ ಬರುತ್ತದೆ, ಅದಕ್ಕೆ ಆ ಗದ್ದಲ ಬೇಕಿತ್ತು. ಸಾಮಾನ್ಯ ಸಂಸಾರದ ಕಾದಂಬರಿಗೆ ಹೀಗೆ ಮಾಡಿದರೆ ಅದು ರೇಡಿಯೋ ನಾಟಕ ಆಗುತ್ತದೆ. ಕಥೆ ಹೇಳುವವರ ಒಂದು ದನಿ ಇರುತ್ತದಲ್ಲ, ಅದು ಮುಳುಗಿಹೋಗುತ್ತದೆ.

ಸ್ಪೀಡ್ ಒಂದೂವರೆಗೆ ಇಟ್ಟು ಕೇಳುತ್ತೇನೆ. ಗೆಳೆಯರು ಬೈತಾರೆ. ತಪ್ಪಾ?
*(ಬೆಂಗಳೂರಿನ ಓದುಗರು)*

ಮಾಹಿತಿಯ ಪುಸ್ತಕಕ್ಕೆ ತಪ್ಪೇನಿಲ್ಲ. ಕಾದಂಬರಿಗೆ ಬೇಡ. ವೇಗ ಹೆಚ್ಚಿಸಿದರೆ ಪದಗಳ ಜೊತೆ ಮೌನವೂ ಚಿಕ್ಕದಾಗುತ್ತದೆ, ಓದುವವರು ಯೋಚಿಸಿ ಬಿಟ್ಟ ಜಾಗಗಳೆಲ್ಲ ಮುಚ್ಚಿಹೋಗುತ್ತವೆ. ಓದು ತೀರಾ ಎಳೆದಾಡಿದ ಹಾಗಿದ್ದರೆ ಒಂದೂಕಾಲರ ತನಕ ಪರವಾಗಿಲ್ಲ.

ನಮ್ಮ ಕಡೆ ಭಾಷೆಯಲ್ಲಿ ಬರೆದ ಕಾದಂಬರಿ. ಓದಿದವರು ಮೈಸೂರು ಕಡೆಯವರು ಇರಬೇಕು. ಅಕ್ಷರ ಎಲ್ಲ ಸರಿ ಓದ್ಯಾರ, ಆದ್ರ ಒಂದು ಮಾತೂ ನಮ್ಮದು ಅನಿಸಲಿಲ್ಲ. ಇದು ನನ್ನ ಹಟವೇನ್ರಿ?
*(ಧಾರವಾಡದ ಓದುಗರು)*

ಹಟ ಅಲ್ಲ. ಬಂದ ಪತ್ರಗಳಲ್ಲಿ ನನ್ನ ಮನಸ್ಸಿಗೆ ತುಂಬಾ ನಾಟಿದ್ದು ನಿಮ್ಮದು.

'ಮಾಡಾಕತ್ತೀನಿ' ಅಂತ ಬರೆಯುವುದು ಸುಲಭ. ಅದನ್ನು ಎಲ್ಲಿ ಎತ್ತಬೇಕು, ಎಲ್ಲಿ ನುಂಗಬೇಕು ಅನ್ನುವುದು ಅಕ್ಷರದಲ್ಲಿ ಇಲ್ಲ. 'ಬರ್ರಿ' ಅನ್ನುವ ಮಾತಿನಲ್ಲಿರುವ ಆದರ, 'ಹೌದೇನ್ರಿ' ಅನ್ನುವಲ್ಲಿ ಕೊನೆಗೆ ಏರುವ ರಾಗ, ಇವು ಆ ಸೀಮೆಯ ಕಿವಿಗೆ ಮಾತ್ರ ಗೊತ್ತು. ಮೈಸೂರು ಕಡೆಯವರು ಓದಿದಾಗ ಪದ ಧಾರವಾಡದ್ದು, ರಾಗ ಮೈಸೂರಿನದ್ದು ಆಗುತ್ತದೆ. ಉಲ್ಟಾ ಆದರೂ ಅಷ್ಟೇ. ಮಂಡ್ಯದ ಕಾದಂಬರಿಯ 'ಏನ್ಲಾ'ವನ್ನು ಹೊರಗಿನವರು ಓದಿದರೆ ಬೈಗುಳ ಆಗುತ್ತದೆ, ಊರಿನವರು ಹೇಳಿದರೆ ಸಲಿಗೆ. ಮಲೆನಾಡಿನ, ಕರಾವಳಿಯ 'ಎಂಥದು ಮಾರಾಯ್ರೆ'ಗೂ ಇದೇ ಗತಿ. ಇನ್ನೂ ಕೆಟ್ಟದ್ದೆಂದರೆ ಹಳ್ಳಿ ಮಾತು ಬಂದ ಕೂಡಲೇ ಸಿನಿಮಾದ ಹಾಸ್ಯಪಾತ್ರದ ದನಿ ಎತ್ತಿಕೊಳ್ಳುವುದು. ಲೇಖಕರು ಗಂಭೀರವಾಗಿ ಬರೆದ ರೈತ, ಕೇಳುವವರ ಕಿವಿಯಲ್ಲಿ ನಗೆಪಾಟಲಾಗುತ್ತಾನೆ. ಇದು ಆ ಜನಕ್ಕೆ ಮಾಡುವ ಅವಮಾನ ಅಂತಲೇ ನಾನು ತಿಳಿಯುತ್ತೇನೆ.

ಪರಿಹಾರ ಕಷ್ಟದ್ದೇನಲ್ಲ. ಆಯಾ ಸೀಮೆಯವರಿಂದಲೇ ಓದಿಸಬೇಕು. ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರ, ಎಲ್ಲ ಕಡೆ ರಂಗಭೂಮಿಯಲ್ಲಿ ಪಳಗಿದವರು ಇದ್ದಾರೆ. ಅದು ಆಗದಿದ್ದರೆ ಓದುವವರು ಆ ಊರಿನವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಅಧ್ಯಾಯ ಅವರ ಬಾಯಿಂದ ಕೇಳಬೇಕು. ಅದೂ ಆಗದಿದ್ದರೆ ಸೀಮೆಯ ರಾಗ ಅನುಕರಿಸಲು ಹೋಗದೆ ತಮ್ಮದೇ ದನಿಯಲ್ಲಿ ಸರಳವಾಗಿ ಓದಲಿ. ಸುಳ್ಳು ರಾಗಕ್ಕಿಂತ ಅದೇ ಎಷ್ಟೋ ವಾಸಿ. ನೀವು ಸುಮ್ನೆ ಇರಬೇಡಿ. ಆಪ್‌ನಲ್ಲಿ ಅಭಿಪ್ರಾಯ ಬರೆಯುವ ಜಾಗ ಇರುತ್ತದೆ. ಇಂಥ ನಿಮಿಷದಲ್ಲಿ ಇಂಥ ಮಾತು ಹೀಗಲ್ಲ, ಹೀಗೆ ಅಂತ ಬರೆಯಿರಿ.

ಕೇಳಿದ್ದನ್ನು 'ಓದಿದೆ' ಅಂತ ಹೇಳಬಹುದಾ? ಮಗಳು ಅದು ಓದಿದ್ದಲ್ಲ ಅಂತಾಳೆ.
*(ಶಿವಮೊಗ್ಗದ ಓದುಗರು)*

ಧಾರಾಳವಾಗಿ ಹೇಳಿ. ನಿಮ್ಮ ಊರಿನ ಪಕ್ಕದಲ್ಲೇ ಹೊಸಹಳ್ಳಿ ಇದೆ, ಕಾವ್ಯವನ್ನು ರಾಗವಾಗಿ ಓದುವ ಗಮಕದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಬಾರದ ಎಷ್ಟೋ ಜನಕ್ಕೆ ಕುಮಾರವ್ಯಾಸ ಸಿಕ್ಕಿದ್ದು ಗಮಕಿಗಳ ಬಾಯಿಂದಲೇ, ಅವರಿಗೆ ಭಾರತ ಗೊತ್ತಿರಲಿಲ್ಲ ಅನ್ನಲು ಆಗುತ್ತಾ? ಗಮಕಿ ಪದ್ಯದ ಪದಗಳನ್ನು ಅರ್ಥ ಕೆಡದ ಹಾಗೆ ಬಿಡಿಸಿ, ಭಾವಕ್ಕೆ ಒಪ್ಪುವ ರಾಗ ಆರಿಸಿ ಓದುತ್ತಾರೆ. ಆದರೂ ಅದು ಸಂಗೀತ ಕಛೇರಿ ಆಗುವುದಿಲ್ಲ, ರಾಗ ಮಾತಿನ ಹಿಂದೆಯೇ ನಿಲ್ಲುತ್ತದೆ. ಮಗಳ ಮಾತಿನಲ್ಲಿ ಒಂದು ಪಾಲು ನಿಜ ಇದೆ. ಕೇಳುವಾಗ ನಡುವೆ ಇನ್ನೊಬ್ಬರ ತಿಳಿವಳಿಕೆ ಇರುತ್ತದೆ. ಅಷ್ಟು ನೆನಪಿದ್ದರೆ ಸಾಕು.

ಅಮ್ಮನಿಗೆ ಎಪ್ಪತ್ತೆಂಟು. ಕಣ್ಣು ಮಂಜಾಗಿ ಓದಲು ಆಗುತ್ತಿಲ್ಲ. ಜೀವನವಿಡೀ ಕಾದಂಬರಿ ಓದಿದವರು. ಆಡಿಯೋಬುಕ್ ಹಾಕಿಕೊಟ್ಟರೆ 'ಆ ದನಿ ಬೇಡ' ಅಂತ ಕೈಯಾಡಿಸುತ್ತಾರೆ. ಏನು ಮಾಡಲಿ?
*(ಬಳ್ಳಾರಿಯ ಓದುಗರು)*

ಅಮ್ಮನ ಮಾತನ್ನು ಹಾಗೇ ಒಪ್ಪಿಕೊಳ್ಳಿ. ಹತ್ತು ಹನ್ನೆರಡು ಗಂಟೆ ಒಂದೇ ದನಿಯ ಜೊತೆ ಕೂರಬೇಕಾದವರು ಅವರು, ಹಿಡಿಸದಿದ್ದರೆ ಹಿಡಿಸಲಿಲ್ಲ.

ಮೊದಲು ಕಿವಿಯ ವಿಷಯ. ವಯಸ್ಸಾದ ಹಾಗೆ ಮೊದಲು ಕಡಿಮೆಯಾಗುವುದು ತೀಕ್ಷ್ಣವಾದ, ಎತ್ತರದ ಸದ್ದು ಕೇಳುವ ಶಕ್ತಿ. ಸ, ಶ, ಚ ಥರದ ಅಕ್ಷರಗಳು ಕಲಸಿಹೋಗುತ್ತವೆ. ಅದಕ್ಕೇ ತೆಳ್ಳನೆಯ ಎತ್ತರದ ದನಿಗಿಂತ ಸ್ವಲ್ಪ ತಗ್ಗಿದ, ಬಿಡಿಬಿಡಿಯಾಗಿ ಓದುವ ದನಿ ಹಿತ. ಹೆಣ್ಣು ದನಿಯೋ ಗಂಡು ದನಿಯೋ ಅನ್ನುವುದಕ್ಕಿಂತ ಇದು ಮುಖ್ಯ. ಹಿನ್ನೆಲೆ ಸಂಗೀತ ಇರುವುದನ್ನು ಹಾಕಲೇಬೇಡಿ. ನಮಗೆ ಚೆಂದ ಅನಿಸುವ ಆ ಕೊಳಲು, ತಬಲ ಅವರಿಗೆ ಮಾತಿನ ಮೇಲೆ ಬಿದ್ದ ಗಲಾಟೆ. ಫೋನಿನ ಸ್ಪೀಕರ್ ಬದಲು ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಅವರ ಪಕ್ಕ ಇಟ್ಟರೆ ತುಂಬಾ ವ್ಯತ್ಯಾಸ ಆಗುತ್ತದೆ. ಕಿವಿ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ.

ಆಮೇಲೆ ಪುಸ್ತಕ. ಅವರು ಹಿಂದೆ ಓದಿ ಮೆಚ್ಚಿದ್ದನ್ನು ಮೊದಲು ಹಾಕಬೇಡಿ. ಅದಕ್ಕೆ ಅವರ ಮನಸ್ಸಿನಲ್ಲಿ ಆಗಲೇ ಒಂದು ದನಿ ಇದೆ. ಓದಿರದ ಕಾದಂಬರಿಯಿಂದ ಶುರು ಮಾಡಿ. ಮೂರು ನಾಲ್ಕು ಜನರ ಸ್ಯಾಂಪಲ್ ಕೇಳಿಸಿ, ಅವರೇ ಆರಿಸಲಿ. ಒಬ್ಬರ ದನಿ ಇಷ್ಟವಾದರೆ ಅವರೇ ಓದಿದ ಬೇರೆ ಪುಸ್ತಕ ಹುಡುಕಿ ಕೊಡಿ.

ಆಡಿಯೋಬುಕ್ ಅನ್ನುವುದು ಶುರುವಾಗಿದ್ದೇ ಇಂಥವರಿಗಾಗಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಎಷ್ಟೋ ಜನಕ್ಕೆ ಬ್ರೈಲ್ ಕಲಿಯುವುದು ಕಷ್ಟವಾಗಿತ್ತು. ಅವರಿಗಾಗಿ ಬ್ರಿಟನ್‌ನಲ್ಲಿ 1935ರಲ್ಲಿ ಪುಸ್ತಕಗಳನ್ನು ಗ್ರಾಮಫೋನ್ ತಟ್ಟೆಯಲ್ಲಿ ತಂದರು. ಒಂದು ಬದಿಗೆ ಸುಮಾರು 25 ನಿಮಿಷ, ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆ. ಮೊದಲು ಬಂದವುಗಳಲ್ಲಿ ಅಗಾಥಾ ಕ್ರಿಸ್ಟಿಯವರ 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಇತ್ತು. ಕಥೆ ಹೇಳುವ ಪಾತ್ರವೇ ಎಲ್ಲವನ್ನೂ ಬಾಯಿಬಿಟ್ಟು ಹೇಳದ ಪತ್ತೇದಾರಿ ಕಾದಂಬರಿ ಅದು. ಓದುವವರಿಗೆ ಕೊನೆ ಗೊತ್ತಿರಬೇಕು, ಗೊತ್ತಿದೆ ಅಂತ ದನಿಯಲ್ಲಿ ಕಾಣಬಾರದು. ಆ ಕೆಲಸದ ಕಷ್ಟ ಮೊದಲ ವರ್ಷವೇ ಎದುರಾಗಿತ್ತು ನೋಡಿ.

ನಮ್ಮಲ್ಲೂ ವ್ಯವಸ್ಥೆ ಇದೆ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಅಂಧರಿಗಾಗಿ ಧ್ವನಿಪುಸ್ತಕಗಳ ಗ್ರಂಥಾಲಯ ನಡೆಸುತ್ತದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಇದೆ. ಅಚ್ಚಿನ ಪುಸ್ತಕ ಓದಲು ಆಗದವರು ಅದಕ್ಕೆ ಸದಸ್ಯರಾಗಬಹುದು.

ಈಗ ಕಂಪ್ಯೂಟರೇ ಓದುತ್ತದಲ್ಲ. ಮನುಷ್ಯರು ಯಾಕೆ ಬೇಕು?
*(ದಾವಣಗೆರೆಯ ಓದುಗರು)*

ಆಪಲ್ ಕಂಪನಿ 2023ರ ಜನವರಿಯಲ್ಲಿ ಯಂತ್ರದ ದನಿಯ ಇಂಗ್ಲಿಷ್ ಆಡಿಯೋಬುಕ್‌ಗಳನ್ನು ಹೊರತಂದಿತು. ಆಮೇಲೆ ಬೇರೆಯವರೂ ಶುರುಮಾಡಿದರು. ಕನ್ನಡದ ಯಂತ್ರದನಿಯೂ ಸುಧಾರಿಸುತ್ತಿದೆ.

ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳೋಣ. ದೃಷ್ಟಿ ಇಲ್ಲದ ಎಷ್ಟೋ ಓದುಗರು ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್‌ನ ಯಂತ್ರದನಿಯನ್ನು ಬೇಕೆಂದೇ ಆರಿಸುತ್ತಾರೆ. ನಾವು ಹಿಡಿಯಲಾಗದಷ್ಟು ವೇಗದಲ್ಲಿ ಕೇಳುತ್ತಾರೆ. ಆ ದನಿಗೆ ಅಭಿಪ್ರಾಯ ಇಲ್ಲ, ಭಾವ ತುಂಬುವ ಕೆಲಸ ಓದುಗರದ್ದೇ ಆಗಿ ಉಳಿಯುತ್ತದೆ. ಅದು ಪೂರ್ತಿ ಅರ್ಥ ಇರುವ ಆಯ್ಕೆ. ನನಗೆ ತಕರಾರು ಇರುವುದು ಭಾವ ಇರುವ ಹಾಗೆ ಓದುವ ಯಂತ್ರದ ಬಗ್ಗೆ. ಮೇಲೆ ಹೇಳಿದ 'ಬಂದ್ಯಾ' ಅದರ ಮುಂದೆ ಇಟ್ಟರೆ ಯಾವುದೋ ಒಂದು ರಾಗ ಹಾಕಿ ಮುಗಿಸುತ್ತದೆ. ಆ ತಾಯಿ ಮುನ್ನೂರು ಪುಟ ಏನೇನು ಅನುಭವಿಸಿದ್ದಾಳೆ ಅನ್ನುವುದನ್ನು ಮನಸ್ಸಿನಲ್ಲಿಟ್ಟು ಆ ಒಂದು ಪದ ಹೇಳುವವರು ನನಗೆ ಬೇಕು.

ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ದನಿ ಚೆನ್ನಾಗಿದೆ ಅಂತಾರೆ. ಕಾದಂಬರಿ ಓದಿ ರೆಕಾರ್ಡ್ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
*(ಮಂಡ್ಯದ ಓದುಗರು)*

ಖಂಡಿತ ಮಾಡಿ ಮೇಡಂ. ದನಿ ಚೆನ್ನಾಗಿರುವುದು ಒಳ್ಳೆಯದೇ, ಆದರೆ ಅದಕ್ಕಿಂತ ದೊಡ್ಡ ಬಂಡವಾಳ ನಿಮ್ಮ ತಾಳ್ಮೆ. ಒಂದು ಗಂಟೆಯ ಓದು ಕೇಳುವಂತೆ ಆಗಬೇಕಾದರೆ ರೆಕಾರ್ಡಿಂಗ್‌ಗೇ ಎರಡು ಮೂರು ಗಂಟೆ ಬೇಕು. ಎಡಿಟಿಂಗ್ ಬೇರೆ.

ಮೊದಲು ಪುಸ್ತಕವನ್ನು ಕೊನೆಯ ತನಕ ಓದಿ, ಪೆನ್ಸಿಲ್ ಹಿಡಿದು. ಕನ್ನಡದಲ್ಲಿ ಮಾತು ಮೊದಲು ಬಂದು 'ಎಂದಳು ಪಿಸುದನಿಯಲ್ಲಿ' ಅನ್ನುವುದು ಹೆಚ್ಚಾಗಿ ಆಮೇಲೆ ಬರುತ್ತದೆ. ನೀವು ಆ ಮಾತನ್ನು ಜೋರಾಗಿ ಓದಿ ಮುಗಿಸಿದ ಮೇಲೆ ಪಿಸುದನಿ ಅಂತ ತಿಳಿದರೆ ಏನು ಪ್ರಯೋಜನ? ಅಂಥ ಕಡೆ ಅಂಚಿನಲ್ಲಿ ಗುರುತು ಮಾಡಿ. ನಮ್ಮ ವಾಕ್ಯದ ಕ್ರಿಯಾಪದವೂ ಕೊನೆಗೇ ಬರುವುದು. ನಾಲ್ಕು ಸಾಲಿನ ವಾಕ್ಯ ಇದ್ದರೆ ಆ ಕೊನೆಯ ಪದದ ತನಕ ದನಿ ಬೀಳಬಾರದು. ಎಲ್ಲಿ ಉಸಿರು ತೆಗೆದುಕೊಳ್ಳುವುದು ಅಂತ ಮೊದಲೇ ಗೆರೆ ಹಾಕಿಕೊಳ್ಳಿ. ಮುಖ್ಯ ಪಾತ್ರಗಳ ಎರಡೆರಡು ಸಾಲು ಓದಿ ಬೇರೆ ಫೈಲ್‌ನಲ್ಲಿ ಇಡಿ. ಐದನೇ ಅಧ್ಯಾಯದಲ್ಲಿ ಬಂದ ಮಾವ ಇಪ್ಪತ್ತನೇ ಅಧ್ಯಾಯದಲ್ಲಿ ಮತ್ತೆ ಬಂದಾಗ ಅವರ ವರಸೆ ಮರೆತಿರುತ್ತದೆ.

ಉಚ್ಚಾರಣೆ ಬಗ್ಗೆ ಮೇಷ್ಟರಿಗೆ ನಾನು ಹೇಳಬೇಕಿಲ್ಲ. ಆದರೆ ಮೈಕ್ ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ 'ಕೊಲೆ' ಒಂದು ಸಲ 'ಕೊಳೆ' ಅಂತ ಕೇಳಿಸಿದರೆ ಆ ಪುಟ ಹೋಯಿತು. ಪ, ಬ, ಭ ಹೇಳುವಾಗ ಗಾಳಿ ಮೈಕ್‌ಗೆ ಬಡಿಯುತ್ತದೆ, ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ ಇಡಿ. ಸದ್ದು ಮಾಡುವ ರೇಷ್ಮೆ ಸೀರೆ, ಬಳೆ ಬೇಡ. ಫ್ಯಾನ್ ಆಫ್ ಮಾಡಿ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಸಣ್ಣ ಕೋಣೆ ಆದರೆ ದನಿ ಗುಂಯ್ ಅನ್ನುವುದಿಲ್ಲ. ಬಾಯಿ ಒಣಗಿದರೆ ನಾಲಿಗೆ ಚಟ್ ಚಟ್ ಅನ್ನುತ್ತದೆ, ಆಗಾಗ ನೀರು ಕುಡಿಯಿರಿ. ಈ ಕೆಲಸದಲ್ಲಿರುವವರು ಹಸಿರು ಸೇಬಿನ ಹೋಳು ಪಕ್ಕದಲ್ಲಿ ಇಟ್ಟುಕೊಳ್ಳುವುದೂ ಇದಕ್ಕೇ. ತಪ್ಪಾದರೆ ಆ ಪದ ಮಾತ್ರ ಸರಿ ಮಾಡಬೇಡಿ, ವಾಕ್ಯದ ಮೊದಲಿನಿಂದ ಓದಿ. ಮಾರನೇ ದಿನ ಕೂರುವ ಮೊದಲು ಹಿಂದಿನ ದಿನದ ಕೊನೆಯ ಎರಡು ನಿಮಿಷ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ದನಿಯ ಎತ್ತರ ಬೇರೆಯಾಗುತ್ತದೆ.

ಕೊನೆಯದಾಗಿ ಹಕ್ಕಿನ ವಿಷಯ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಓದಿ ಎಲ್ಲಿಯಾದರೂ ಹಾಕುವ ಮೊದಲು ಲೇಖಕರ ಅಥವಾ ಅವರ ಮನೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಅಚ್ಚಿನ ಹಕ್ಕು ಪ್ರಕಾಶಕರ ಹತ್ತಿರ ಇದ್ದರೂ ಧ್ವನಿಯ ಹಕ್ಕು ಬೇರೆಯವರ ಹತ್ತಿರ ಇರಬಹುದು. ಅಂಗವಿಕಲರ ಬಳಕೆಗಾಗಿ, ಲಾಭವಿಲ್ಲದೆ ಓದಿ ಕೊಡುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅದಕ್ಕೇ ಅಂಧರ ಗ್ರಂಥಾಲಯವೊಂದಕ್ಕೆ ಸ್ವಯಂಸೇವಕಿಯಾಗಿ ಶುರು ಮಾಡಿದರೆ ನಿಮಗೆ ಒಳ್ಳೆಯದು. ಅಲ್ಲಿ ಕೇಳುವವರು ಕಿವಿಯಿಂದಲೇ ಓದುವವರು, ತಪ್ಪಿದ್ದಲ್ಲಿ ಮುಲಾಜಿಲ್ಲದೆ ಹೇಳುತ್ತಾರೆ. ಮೊದಲ ಅಧ್ಯಾಯ ಮುಗಿದ ಮೇಲೆ ಹೇಗಾಯಿತು ಅಂತ ನಮಗೂ ಬರೆಯಿರಿ.